ಹಳೇ ಡಿಜಿಟಲ್ ಕ್ಯಾಮೆರಾ: ಇಟ್ಟುಕೊಳ್ಳಬೇಕೋ, ಮಾರಬೇಕೋ? ಮಲೆನಾಡಿನ ಲೆಕ್ಕವೇ ಬೇರೆ

ಹಳೇ ಕ್ಯಾಮೆರಾದ ವಿಷಯ ಬಂದಾಗೆಲ್ಲ ಕೇಳಿಬರುವ ಸಲಹೆ ಒಂದೇ: ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಮಾರಿ, ಲೆನ್ಸ್ ಇಟ್ಟುಕೊಳ್ಳಿ. ಬಾಡಿಯ ಬೆಲೆ ವರ್ಷವರ್ಷವೂ ಬೀಳುತ್ತದೆ, ಲೆನ್ಸಿನದು ಅಷ್ಟಾಗಿ ಬೀಳುವುದಿಲ್ಲ ಅನ್ನುವುದು ಅದರ ಆಧಾರ. ಒಣ ಊರಿನವರಿಗೆ ಈ ಮಾತು ಸರಿ. ಆದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಗೋಡೆ ಬೆವರುವ, ಬೀರುವಿನೊಳಗಿನ ಬೆಲ್ಟಿಗೂ ಬಿಳಿ ಬೂಷ್ಟು ಹತ್ತುವ ತೀರ್ಥಹಳ್ಳಿ, ಹೊಸನಗರ, ಸಾಗರದ ಮನೆಗಳಲ್ಲಿ ಎಲ್ಲಕ್ಕಿಂತ ಮೊದಲು ಬೂಷ್ಟು ಹಿಡಿದು ಕೆಡುವುದೇ ಲೆನ್ಸ್. ಬಾಡಿಯ ಬೆಲೆಯನ್ನು ಮಾರುಕಟ್ಟೆ ತಿಂದರೆ, ಲೆನ್ಸಿನ ಬೆಲೆಯನ್ನು ಮಳೆಗಾಲ ತಿನ್ನುತ್ತದೆ. ಹಾಗಾಗಿ ಇಲ್ಲಿ ಮೊದಲು ಕೇಳಿಕೊಳ್ಳಬೇಕಾದದ್ದು "ಇದಕ್ಕೆ ಈಗ ಎಷ್ಟು ಸಿಗುತ್ತದೆ" ಅಂತಲ್ಲ. "ಇದನ್ನು ನಾಲ್ಕೈದು ತಿಂಗಳು ಒಣಗಿಸಿ ಇಡುವ ವ್ಯವಸ್ಥೆ ನನ್ನ ಮನೆಯಲ್ಲಿ ಇದೆಯೇ" ಅಂತ. ಇಲ್ಲವೆಂದಾದರೆ ರೋಹಿಣಿ ಮಳೆಗೆ ಮುಂಚೆಯೇ ಮಾರುವುದು ಲಾಭ. ಆಗಲೂ ಮೊದಲು ಹೋಗಬೇಕಾದದ್ದು ಒಳ್ಳೆಯ ಲೆನ್ಸೇ.

ಎಲ್ಲರ ಮನೆಗೂ ಒಂದೇ ಅಳತೆ ಇಲ್ಲ. ಶಿವಮೊಗ್ಗ ಪೇಟೆಯ ತಾರಸಿ ಮನೆಯ ಮೊದಲ ಮಹಡಿಗೂ, ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಸುರಿಯುವ ಆಗುಂಬೆ ಕಡೆಯ ಹೆಂಚಿನ ಮನೆಗೂ ಅಜಗಜಾಂತರ. ಪೇಟೆಯಲ್ಲಿ ಒಂದು ಮಳೆಗಾಲ ಬ್ಯಾಗಿನಲ್ಲೇ ಉಳಿದ ಲೆನ್ಸ್ ಬಚಾವಾಗಬಹುದು. ತೋಟದ ಮನೆಯಲ್ಲಿ ಆ ಧೈರ್ಯ ಬೇಡ.

ಬೆಲೆ ಎಲ್ಲಿಗೆ ಬಂದು ನಿಂತಿದೆ

2010ರಲ್ಲಿ ಜಪಾನಿನ ಕಂಪನಿಗಳಿಂದ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ಹೊರಬಿದ್ದಿದ್ದವು. 2023ರ ಹೊತ್ತಿಗೆ ಅದು 80 ಲಕ್ಷಕ್ಕಿಂತ ಕೆಳಗಿಳಿಯಿತು. ಸಣ್ಣ ಕ್ಯಾಮೆರಾಗಳ ಜಾಗವನ್ನು ಮೊಬೈಲ್ ಕಿತ್ತುಕೊಂಡಿತು. ಒಳಗೆ ಕನ್ನಡಿಯಿರುವ, ಲೆನ್ಸ್ ಬದಲಿಸಬಹುದಾದ ಡಿಎಸ್‌ಎಲ್‌ಆರ್ ಜಾಗಕ್ಕೆ ಕನ್ನಡಿಯಿಲ್ಲದ ಮಿರರ್‌ಲೆಸ್ ಬಂತು. 2018ರಲ್ಲಿ ನಿಕಾನ್ ಝಡ್6, ಝಡ್7, ಕ್ಯಾನನ್ ಇಒಎಸ್ ಆರ್ ಬಂದವು. 2020ರ ನಿಕಾನ್ ಡಿ6, ಕ್ಯಾನನ್ 850ಡಿ ಆದಮೇಲೆ ಆ ಎರಡು ಕಂಪನಿಗಳಿಂದ ಹೊಸ ಡಿಎಸ್‌ಎಲ್‌ಆರ್ ಬಂದಿಲ್ಲ.

ಇದರಿಂದ ಎಲ್ಲ ಹಳೇ ಕ್ಯಾಮೆರಾಗಳ ಬೆಲೆಯೂ ಒಂದೇ ವೇಗದಲ್ಲಿ ಬೀಳುತ್ತಿದೆ ಎಂದುಕೊಳ್ಳಬಾರದು. 2008ರ ನಿಕಾನ್ ಡಿ90, 2010ರ ಕ್ಯಾನನ್ 550ಡಿ, 2011ರ 1100ಡಿ ಇಂಥವು ಬೀಳಬೇಕಾದಷ್ಟು ಬಿದ್ದಾಗಿದೆ. ಇನ್ನೆರಡು ವರ್ಷ ಇಟ್ಟರೂ ರೂಪಾಯಿ ಲೆಕ್ಕದಲ್ಲಿ ಹೋಗುವುದು ಅಲ್ಪ. 2014ರ ಡಿ750, 2016ರ ಡಿ500, 2017ರ ಡಿ850, 2016ರ 5ಡಿ ಮಾರ್ಕ್ 4 ಇಂಥವಕ್ಕೆ ಇನ್ನೂ ಒಳ್ಳೆಯ ಬೆಲೆ ಇದೆ, ಹಾಗಾಗಿಯೇ ಕಳೆದುಕೊಳ್ಳುವುದೂ ಹೆಚ್ಚು. ಅವಸರ ಮಾಡಬೇಕಾದವರು ಈ ಎರಡನೇ ಗುಂಪಿನವರು. ಡಿ90 ಇಟ್ಟುಕೊಂಡವರು ಬೆಲೆಯ ಚಿಂತೆ ಬಿಟ್ಟು ಉಪಯೋಗ ಇದೆಯೋ ಇಲ್ಲವೋ ಎಂದಷ್ಟೇ ನೋಡಿದರೆ ಸಾಕು.

ಒಂದು ಸರಳ ಲೆಕ್ಕ ಹಾಕಿ. ಈಗ ಸಿಗುವ ಬೆಲೆಯಿಂದ ಬರುವ ವರ್ಷ ಸಿಗಬಹುದಾದ ಬೆಲೆ ಕಳೆಯಿರಿ. ಅದಕ್ಕೆ ಹೊಸ ಬ್ಯಾಟರಿ, ತೇವ ಹೀರುವ ಸಿಲಿಕಾ ಜೆಲ್ ಇತ್ಯಾದಿ ಖರ್ಚು ಕೂಡಿಸಿ. ಬಂದ ಮೊತ್ತವನ್ನು ವರ್ಷದಲ್ಲಿ ಕ್ಯಾಮೆರಾ ನಿಜಕ್ಕೂ ಕೈಗೆತ್ತಿಕೊಳ್ಳುವ ದಿನಗಳಿಂದ ಭಾಗಿಸಿ. ಉದಾಹರಣೆಗೆ ಬೆಲೆ 14,000ದಿಂದ 11,500ಕ್ಕೆ ಇಳಿಯುತ್ತದೆ ಎಂದಿಟ್ಟುಕೊಳ್ಳಿ: ನಷ್ಟ 2,500, ಬ್ಯಾಟರಿ 1,200, ಉಳಿದದ್ದು 300, ಒಟ್ಟು 4,000. ವರ್ಷಕ್ಕೆ 4 ದಿನ ಬಳಸಿದರೆ ದಿನಕ್ಕೆ 1,000 ರೂಪಾಯಿ ಬಿತ್ತು. 40 ದಿನ ಬಳಸಿದರೆ 100. ನಿಮ್ಮೂರಿನ ಸ್ಟುಡಿಯೋದಲ್ಲಿ ಕ್ಯಾಮೆರಾ ದಿನಬಾಡಿಗೆಗೆ ಎಷ್ಟು ಕೇಳುತ್ತಾರೆ ಎಂದು ವಿಚಾರಿಸಿ, ಪಕ್ಕದಲ್ಲಿಟ್ಟು ನೋಡಿ. ನಿಮ್ಮ ದಿನದ ಖರ್ಚು ಬಾಡಿಗೆಗಿಂತ ಜಾಸ್ತಿಯಾದರೆ ಕ್ಯಾಮೆರಾ ಮಾರಿ, ಬೇಕಾದಾಗ ಬಾಡಿಗೆಗೆ ತನ್ನಿ.

"ಆವತ್ತು 60,000 ಕೊಟ್ಟಿದ್ದೆ" ಎಂಬುದನ್ನು ಈ ಲೆಕ್ಕದಲ್ಲಿ ಎಲ್ಲೂ ಸೇರಿಸಬೇಡಿ. ಆ ದುಡ್ಡು ಎಂದೋ ಹೋಗಿದೆ.

ಮೊದಲು ಟಾರ್ಚ್ ಹಿಡಿಯಿರಿ

ಇಡುವುದಾಗಲಿ ಮಾರುವುದಾಗಲಿ, ಕೈಯಲ್ಲಿರುವ ಮಾಲಿನ ಸ್ಥಿತಿ ಗೊತ್ತಿಲ್ಲದೆ ತೀರ್ಮಾನ ಮಾಡಬಾರದು. ಅರ್ಧ ಗಂಟೆ ಸಾಕು.

ರಾತ್ರಿ ಹೊತ್ತು ಕೋಣೆಯ ದೀಪ ಆರಿಸಿ. ಲೆನ್ಸ್ ಬಿಚ್ಚಿ ಎರಡೂ ಮುಚ್ಚಳ ತೆಗೆಯಿರಿ. ಕ್ಯಾನನ್ ಇಎಫ್ ಲೆನ್ಸ್ ಬಿಚ್ಚಿದಾಗ ಅಪರ್ಚರ್ (ಬೆಳಕು ಬಿಡುವ ಬ್ಲೇಡುಗಳ ಕಿಂಡಿ) ಪೂರ್ತಿ ತೆರೆದೇ ಇರುತ್ತದೆ. ಹೆಸರಿನಲ್ಲಿ ಜಿ ಅಥವಾ ಡಿ ಅಕ್ಷರವಿರುವ ನಿಕಾನ್ ಲೆನ್ಸುಗಳಲ್ಲಿ ಹಾಗಲ್ಲ, ಬಿಚ್ಚಿದೊಡನೆ ಬ್ಲೇಡುಗಳು ಮುಚ್ಚಿಕೊಳ್ಳುತ್ತವೆ. ಹಿಂಬದಿಯ ಮೌಂಟಿನೊಳಗೆ (ಬಾಡಿಗೆ ಸೇರುವ ಉಂಗುರದೊಳಗೆ) ಕಾಣುವ ಸಣ್ಣ ಲೋಹದ ಕಡ್ಡಿಯನ್ನು ಉಗುರಿನಿಂದ ಒಂದು ಕಡೆಗೆ ತಳ್ಳಿ ಹಿಡಿದರೆ ತೆರೆಯುತ್ತದೆ. ಡಿ ಲೆನ್ಸಾದರೆ ಮೊದಲು ಅಪರ್ಚರ್ ರಿಂಗನ್ನು ಅತಿ ಚಿಕ್ಕ ಅಂಕಿಗೆ ತಿರುಗಿಸಿಕೊಳ್ಳಿ. ಇದನ್ನು ಮಾಡದೆ ನೋಡಿದವರು ಗಾಜಿನ ನಡುಭಾಗ ಮಾತ್ರ ನೋಡಿ "ಕ್ಲೀನ್ ಇದೆ" ಎಂದುಕೊಳ್ಳುತ್ತಾರೆ. ಬೂಷ್ಟು ಶುರುವಾಗುವುದು ಅಂಚಿನಿಂದ.

ಮೊಬೈಲ್ ಟಾರ್ಚನ್ನು ಹಿಂದಿನ ಗಾಜಿನ ಕಡೆಯಿಂದ ನೇರ ಅಲ್ಲ, ಓರೆಯಾಗಿ ಹಿಡಿದು ಮುಂದಿನಿಂದ ನೋಡಿ. ಆಮೇಲೆ ಮುಂದಿನಿಂದ ಬೆಳಕು ಬಿಟ್ಟು ಹಿಂದಿನಿಂದ ನೋಡಿ. ಝೂಮ್ ಲೆನ್ಸಾದರೆ ಎರಡೂ ತುದಿಗೆ ತಿರುಗಿಸಿ ಮತ್ತೆ ನೋಡಬೇಕು, ಯಾಕೆಂದರೆ ಒಳಗಿನ ಗಾಜುಗಳು ಹಿಂದೆಮುಂದೆ ಸರಿಯುತ್ತವೆ. ಜೇಡರ ಬಲೆಯ ಹಾಗೆ, ಬೇರು ಕವಲೊಡೆದ ಹಾಗೆ ಅಂಚಿನಿಂದ ಒಳಕ್ಕೆ ಹಬ್ಬಿದ ಎಳೆ ಕಂಡರೆ ಅದು ಫಂಗಸ್, ಅಂದರೆ ಬೂಷ್ಟು. ಬಿಡಿಬಿಡಿ ಚುಕ್ಕಿಗಳು ಬರೀ ದೂಳು. ಹತ್ತಿಪ್ಪತ್ತು ಇದ್ದರೂ ಫೋಟೋದಲ್ಲಿ ಕಾಣುವುದಿಲ್ಲ, ಅದಕ್ಕಾಗಿ ಲೆನ್ಸ್ ಬಿಚ್ಚಿಸಬೇಡಿ. ಇಡೀ ಗಾಜು ಒಂದೇ ಸಮನೆ ಮಜ್ಜಿಗೆ ನೀರು ಬಳಿದಂತೆ ಮಸುಕಾಗಿದ್ದರೆ ಅದು ಹೇಝ್. ಒಳಗಿನ ಎಣ್ಣೆ ಆವಿಯಾಗಿ ಕೂತಿರುವುದು ಇದಕ್ಕೆ ಸಾಮಾನ್ಯ ಕಾರಣ. ಬ್ಲೇಡುಗಳ ಮೇಲೆ ಮಿರಿಮಿರಿ ಹೊಳೆಯುವ ಕಲೆಯಿದ್ದರೆ ಅಲ್ಲಿಗೂ ಎಣ್ಣೆ ಇಳಿದಿದೆ. ಆಗ ಬ್ಲೇಡು ನಿಧಾನವಾಗಿ ಮುಚ್ಚಿ ಫೋಟೋ ಓವರ್ ಆಗುತ್ತದೆ, ಅಂದರೆ ಬೇಕಾದ್ದಕ್ಕಿಂತ ಬೆಳ್ಳಗೆ ಬರುತ್ತದೆ.

ಫಂಗಸ್ ಗಾಜಿನ ಮೇಲೆ ಕೂತು ಸುಮ್ಮನಿರುವುದಿಲ್ಲ. ಅದು ಬಿಡುವ ಆಮ್ಲ ಕೋಟಿಂಗನ್ನು, ಬಹಳ ದಿನ ಬಿಟ್ಟರೆ ಗಾಜನ್ನೂ ಕೊರೆಯುತ್ತದೆ. ಬೇಗ ಒರೆಸಿದರೆ ಗುರುತೂ ಉಳಿಯುವುದಿಲ್ಲ; ಎರಡು ಮಳೆಗಾಲ ಬಿಟ್ಟರೆ ಎಳೆ ಹೋದರೂ ಅದರ ಅಚ್ಚು ಉಳಿಯುತ್ತದೆ, ಎದುರು ಬೆಳಕಿನಲ್ಲಿ ತೆಗೆದ ಫೋಟೋ ಪೇಲವವಾಗುತ್ತದೆ. ಮುಂದಿನ ಅಥವಾ ಹಿಂದಿನ ಹೊರಗಾಜಿನಲ್ಲಿ ಮಾತ್ರ ಇದ್ದರೆ ಕ್ಲೀನ್ ಮಾಡಿಸುವುದು ಸುಲಭ. ಒಳಗಾಜಿಗೆ ಹೋಗಿದ್ದರೆ ಲೆನ್ಸ್ ಪೂರ್ತಿ ಬಿಚ್ಚಬೇಕು. ಕ್ಯಾಮೆರಾ ಜತೆಗೇ ಬರುವ 18-55 ಕಿಟ್ ಲೆನ್ಸಿಗೆ ಅಷ್ಟು ಖರ್ಚು ಮಾಡುವುದು ದಂಡ, ಆ ದುಡ್ಡಿಗೆ ಇನ್ನೊಂದು ಹಳೇ ಕಿಟ್ ಲೆನ್ಸೇ ಬರುತ್ತದೆ. 70-200 ಎಫ್/2.8, 300 ಎಫ್/4 ಇಂಥವಕ್ಕೆ ಮಾತ್ರ ಒಂದು ಪೈಸೆಯೂ ವ್ಯರ್ಥವಲ್ಲ.

ಬಿಸಿಲಿಗಿಟ್ಟರೆ ಹೋಗುತ್ತದೆ ಅನ್ನುವ ಮಾತಿದೆ. ಬಿಸಿಲು ಹೊಸ ಬೆಳವಣಿಗೆಯನ್ನು ತಡೆಯಬಹುದು. ಆಗಲೇ ಹಬ್ಬಿದ ಎಳೆ, ಕೊರೆದ ಗುರುತು ಎರಡನ್ನೂ ಅಳಿಸುವುದಿಲ್ಲ. ಜತೆಗೆ ಮುಚ್ಚಳ ತೆಗೆದ ಲೆನ್ಸ್ ಬಿಸಿಲಲ್ಲಿ ಭೂತಗನ್ನಡಿಯೇ. ಹಿಂದೆ ಬಟ್ಟೆಯೋ ಅಡಿಕೆ ಚೀಲವೋ ಇದ್ದರೆ ಹೊತ್ತಿಕೊಳ್ಳುತ್ತದೆ.

ಬಾಡಿಯಲ್ಲಿ ನೋಡಬೇಕಾದದ್ದು

ಅಪರ್ಚರನ್ನು ಎಫ್/16ಕ್ಕೆ ಇಟ್ಟು, ಫೋಕಸ್ ಅನಂತಕ್ಕೆ ತಿರುಗಿಸಿ, ಬಿಳಿ ಗೋಡೆಯದ್ದೋ ಮೋಡ ಕವಿದ ಆಕಾಶದ್ದೋ ಒಂದು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಪೂರ್ತಿ ಹಿಗ್ಗಿಸಿ ನೋಡಿ. ದುಂಡನೆಯ ಬೂದು ಚುಕ್ಕಿಗಳು ದೂಳು. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿಕೊಂಡು, ಮೆನುವಿನಲ್ಲಿ ಮಿರರ್ ಮೇಲೆತ್ತಿ, ಕ್ಯಾಮೆರಾ ಬೋರಲು ಹಿಡಿದು ರಬ್ಬರ್ ಬ್ಲೋವರಿನಿಂದ ಗಾಳಿ ಬಿಟ್ಟರೆ ಬಹುಪಾಲು ಹೋಗುತ್ತದೆ. ಬಾಯಿಂದ ಊದಬೇಡಿ, ಎಂಜಲಿನ ಹನಿ ದೂಳಿಗಿಂತ ಕೆಟ್ಟದ್ದು. ಎಳೆ ಎಳೆಯಾಗಿ ಕಂಡರೆ ಸೆನ್ಸರಿನ ಮೇಲಿನ ಗಾಜಿಗೇ ಫಂಗಸ್ ಬಂದಿದೆ, ಅದನ್ನು ತಿಳಿದವರ ಕೈಗೆ ಕೊಡಿ. ವ್ಯೂಫೈಂಡರಿನಲ್ಲಿ ಮಾತ್ರ ಎಳೆ ಕಂಡು ಫೋಟೋ ಸ್ವಚ್ಛವಾಗಿದ್ದರೆ ಬಳಸಲು ಅಡ್ಡಿಯಿಲ್ಲ. ಕೊಳ್ಳುವವರು ಬೆಲೆ ಇಳಿಸುತ್ತಾರೆ, ಅಷ್ಟೇ.

ಶಟರನ್ನು 1/4000 ಸೆಕೆಂಡಿಗೆ ಇಟ್ಟು ಅದೇ ಬಿಳಿ ಗೋಡೆಯ ಐದಾರು ಫೋಟೋ ತೆಗೆಯಿರಿ. ಯಾವುದಾದರೂ ಒಂದು ಅಂಚು ಕಪ್ಪಗೆ ಪಟ್ಟಿಯಂತೆ ಬಂದರೆ ಶಟರ್ ಪರದೆ ದಣಿದಿದೆ. ಶಟರ್ ಕೌಂಟನ್ನು, ಅಂದರೆ ಇದುವರೆಗಿನ ಕ್ಲಿಕ್‌ಗಳ ಲೆಕ್ಕವನ್ನು, ನಿಕಾನ್ ಪ್ರತಿ ಫೋಟೋ ಫೈಲಿನೊಳಗಿನ ಎಕ್ಸಿಫ್ ಮಾಹಿತಿಯಲ್ಲೇ ಬರೆದಿಡುತ್ತದೆ. ಕಾರ್ಡಿನಿಂದ ನೇರ ನಕಲಿಸಿದ ಫೈಲ್ ಇರಬೇಕು. ವಾಟ್ಸ್ಆ್ಯಪ್‌ನಲ್ಲಿ ಹೋಗಿಬಂದ ಫೋಟೋದಲ್ಲಿ ಆ ಮಾಹಿತಿ ಉಳಿದಿರುವುದಿಲ್ಲ. ಕ್ಯಾನನ್‌ನ ಹೆಚ್ಚಿನ ಮಾಡೆಲ್‌ಗಳನ್ನು ಯುಎಸ್‌ಬಿಯಲ್ಲಿ ಜೋಡಿಸಿ ಸಾಫ್ಟ್‌ವೇರ್‌ನಿಂದ ಓದಬೇಕಾಗುತ್ತದೆ. ನಿಕಾನ್ ಡಿ7000, ಡಿ700, ಕ್ಯಾನನ್ 7ಡಿ, 5ಡಿ ಮಾರ್ಕ್ 2 ಇವುಗಳ ಶಟರನ್ನು ಕಂಪನಿ 1,50,000 ಕ್ಲಿಕ್‌ಗೆ ಪರೀಕ್ಷಿಸಿದೆ, ಕೆಳಗಿನ ದರ್ಜೆಯವನ್ನು ಹೆಚ್ಚಾಗಿ 1,00,000ಕ್ಕೆ. ಅದು ಎಕ್ಸ್‌ಪೈರಿ ದಿನಾಂಕವಲ್ಲ, ಆಮೇಲೂ ಎಷ್ಟೋ ಓಡುತ್ತವೆ. ಆದರೆ ಒಂದು ಮದುವೆಗೆ 2,500 ಕ್ಲಿಕ್ ಆದರೂ 40 ಮದುವೆಗೆ ಒಂದು ಲಕ್ಷ ಮುಗಿಯಿತು. ಸ್ಟುಡಿಯೋದಿಂದ ಬಂದ ಬಾಡಿಗೂ ಮನೆಯಲ್ಲಿ ಹಬ್ಬಹರಿದಿನಕ್ಕೆ ಹೊರತೆಗೆದ ಬಾಡಿಗೂ ಬೆಲೆ ಬೇರೆಯಾಗುವುದು ಇದಕ್ಕೇ. ಮನೆಯದ್ದರಲ್ಲಿ ಕೌಂಟ್ 12,000 ಇದ್ದರೆ ಜಾಹೀರಾತಿನ ಮೊದಲ ಸಾಲಲ್ಲೇ ಬರೆಯಿರಿ.

ಕ್ಯಾನನ್‌ನಲ್ಲಿ "ಎರರ್ 01" ಬಂದರೆ ಬಾಡಿ ಹೋಯಿತೆಂದು ಗಾಬರಿ ಬೇಡ. ಅದು ಲೆನ್ಸ್ ಮತ್ತು ಬಾಡಿ ಮಾತಾಡಿಕೊಳ್ಳುತ್ತಿಲ್ಲ ಅನ್ನುವ ಸೂಚನೆ. ಚಿನ್ನದ ಬಣ್ಣದ ಪಿನ್ನುಗಳನ್ನು ಒಣ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಅಪರ್ಚರ್ ಪೂರ್ತಿ ತೆರೆದಿಟ್ಟರೆ ಫೋಟೋ ಬಂದು, ಎಫ್/8ಕ್ಕೆ ಇಟ್ಟೊಡನೆ ಎರರ್ ಬಂದರೆ ಲೆನ್ಸಿನೊಳಗಿನ ಅಪರ್ಚರ್ ಕೇಬಲ್ ತುಂಡಾಗಿರುವ ಸಾಧ್ಯತೆಯೇ ಹೆಚ್ಚು. ಬೇರೆ ಲೆನ್ಸ್ ಹಾಕಿದಾಗ ಎರರ್ ಬರದಿದ್ದರೆ ಬಾಡಿ ಚೆನ್ನಾಗಿದೆ, ಅದನ್ನು ಪೂರ್ತಿ ಬೆಲೆಗೆ ಮಾರಬಹುದು. ನಿಕಾನ್‌ನಲ್ಲಿ "ಎಫ್‌ಇಇ" ಎಂದು ಮಿನುಗಿದರೆ ಅದು ದೋಷವೇ ಅಲ್ಲ. ಹಳೇ ಡಿ ಲೆನ್ಸಿನ ಅಪರ್ಚರ್ ರಿಂಗನ್ನು ಕೊನೆಯ ದೊಡ್ಡ ಅಂಕಿಗೆ ತಿರುಗಿಸಿ ಲಾಕ್ ಮಾಡಿದರೆ ಮುಗಿಯಿತು. ಇಷ್ಟು ತಿಳಿಯದೆ ಒಳ್ಳೆಯ ಕ್ಯಾಮೆರಾವನ್ನು "ರಿಪೇರಿ" ಎಂದು ಮಾರಿಬಿಡುವುದುಂಟು.

ಇನ್ನು ರಬ್ಬರ್. ನಿಕಾನ್ ಡಿ90, ಡಿ300, ಡಿ7000 ಕಾಲದ ಬಾಡಿಗಳಲ್ಲಿ ಹಿಡಿಕೆಯ ರಬ್ಬರ್ ಕೈಬೆವರು, ಶೀತಕ್ಕೆ ಉಬ್ಬಿ ಅಗಲವಾಗಿ ಅಂಟು ಬಿಡುತ್ತದೆ. ನೋಡಲು ಅಸಹ್ಯ, ಕೆಲಸಕ್ಕೆ ತೊಂದರೆಯಿಲ್ಲ. ಹೊಸ ರಬ್ಬರ್ ಸೆಟ್ ತರಿಸಿ ಅಂಟಿಸಿದರೆ ಕೊಳ್ಳುವವರ ಕಣ್ಣಿಗೆ ಬಾಡಿ ಹೊಸದಾಗುತ್ತದೆ. ಫೆವಿಕ್ವಿಕ್ ಮಾತ್ರ ಹಾಕಬೇಡಿ, ಕೆಳಗಿರುವ ಸ್ಕ್ರೂಗಳು ಮುಂದೆಂದೂ ಬಿಚ್ಚಲು ಸಿಗುವುದಿಲ್ಲ.

ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು

ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋಕ್ಕೆ ಬಳಸುವ ಹಳೇ ಡಿಎಸ್‌ಎಲ್‌ಆರ್ ಇದ್ದರೆ ಅದನ್ನು ಮುಟ್ಟಲೇಬೇಡಿ. 35×45 ಮಿಲಿಮೀಟರಿನ ಫೋಟೋಕ್ಕೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಬೇಕಾಗುವುದು 413×531 ಪಿಕ್ಸೆಲ್ ಮಾತ್ರ. ಡಿ90ಯ 12 ಮೆಗಾಪಿಕ್ಸೆಲ್ ಎಂದರೆ 4288×2848. ಫ್ಲ್ಯಾಶ್ ಬೆಳಕು ಯಾವತ್ತೂ ಒಂದೇ, ಐಎಸ್‌ಒ (ಬೆಳಕಿನ ಸಂವೇದನೆ) 200ರಿಂದ ಮೇಲೇರಿಸುವ ಪ್ರಮೇಯವೇ ಇಲ್ಲ. ಅಲ್ಲಿ ಹದಿನೈದು ವರ್ಷದ ಬಾಡಿ ಮಾಡುವ ಕೆಲಸವನ್ನು ಹೊಸದು ಹೆಚ್ಚು ಚೆನ್ನಾಗಿ ಮಾಡುವುದಿಲ್ಲ.

ಮದುವೆ ಆಲ್ಬಮ್ಮಿನ ಮಾತು ಬೇರೆ. 12×36 ಇಂಚಿನ ಹಾಳೆಯಲ್ಲಿ ಒಂದು ಪುಟ 12×18. ಒಂದು ಫೋಟೋ ಇಡೀ ಪುಟ ತುಂಬಿದರೆ 12 ಮೆಗಾಪಿಕ್ಸೆಲ್‌ಗೆ 238 ಡಿಪಿಐ ಸಿಗುತ್ತದೆ, ಅಷ್ಟು ನಡೆಯುತ್ತದೆ. 24 ಮೆಗಾಪಿಕ್ಸೆಲ್‌ಗೆ 333. ಆದರೆ ಅದೇ ಫೋಟೋವನ್ನು ಎರಡು ಪುಟಕ್ಕೆ ಹರಡಿದರೆ, ಅಥವಾ ಕತ್ತರಿಸಿ ಬಳಸಿದರೆ ಹಳೆಯದು ಸೋಲುತ್ತದೆ. ವಿಡಿಯೋದಲ್ಲಂತೂ ಪೈಪೋಟಿಯೇ ಇಲ್ಲ: ವಿಡಿಯೋ ತೆಗೆಯಬಲ್ಲ ಮೊದಲ ಡಿಎಸ್‌ಎಲ್‌ಆರ್ ಆದ ಡಿ90 ಒಂದು ಸಲಕ್ಕೆ ತೆಗೆಯುವುದು 720ಪಿ, ಅದೂ 5 ನಿಮಿಷ. ಮುಹೂರ್ತದ ನಡುವೆ ನಿಂತುಹೋಗುವ ಕ್ಯಾಮೆರಾ ಯಾರಿಗೂ ಬೇಡ. ಮದುವೆ ಕೆಲಸ ಮಾಡುವವರು 2012ಕ್ಕಿಂತ ಹಳೆಯ ಬಾಡಿಗಳಲ್ಲಿ ಒಂದನ್ನು ಬ್ಯಾಕಪ್‌ಗೆ ಇಟ್ಟು ಉಳಿದದ್ದನ್ನು ಮಾರಿದರೆ ಆಯಿತು. ಇಟ್ಟುಕೊಳ್ಳುವುದು ಹೊಸ ಬಾಡಿಯ ಬ್ಯಾಟರಿಯನ್ನೇ ತಿನ್ನುವಂಥದ್ದಾಗಿರಲಿ. ಕ್ಯಾನನ್‌ನ ಎಲ್‌ಪಿ-ಇ6 ಮಾದರಿ 5ಡಿ ಮಾರ್ಕ್ 2ರಿಂದ ಹಿಡಿದು ಇಒಎಸ್ ಆರ್‌ವರೆಗೆ ಬರುತ್ತದೆ. ನಿಕಾನ್‌ನ ಇಎನ್-ಇಎಲ್15 ಮಾದರಿ ಡಿ7000ದಿಂದ ಝಡ್6ರವರೆಗೆ.

ಹಕ್ಕಿ, ಪ್ರಾಣಿ ತೆಗೆಯುವವರು ಡಿ7200, ಡಿ500, 7ಡಿ ಮಾರ್ಕ್ 2, 80ಡಿ ಇಂಥ ಕ್ರಾಪ್ (ಸಣ್ಣ ಸೆನ್ಸರಿನ) ಬಾಡಿಗಳನ್ನು ಬೇಗ ಬಿಡಬಾರದು. ನಿಕಾನ್ ಕ್ರಾಪ್ ಬಾಡಿಯಲ್ಲಿ 300 ಎಂಎಂ ಲೆನ್ಸಿನ ನೋಟ 450ರಷ್ಟಾಗುತ್ತದೆ. ಮಂಡಗದ್ದೆ ಪಕ್ಷಿಧಾಮದಲ್ಲಿ ರಸ್ತೆ ಬದಿಯಿಂದಲೇ ತುಂಗೆಯ ನಡುಗಡ್ಡೆಯ ಮರಗಳ ಗೂಡು ಕಾಣುತ್ತವೆ, ಅಲ್ಲಿಗೆ ಇಷ್ಟು ಧಾರಾಳ. ಗುಡವಿ ಪಕ್ಷಿಧಾಮದಲ್ಲಿ ನೀರು ದಾಟಿ ನೋಡಬೇಕಾದಾಗ ಇನ್ನೂ ಉದ್ದ ಬೇಕೆನಿಸುತ್ತದೆ. ಇದೇ ದೂರ ಮುಟ್ಟುವ ಮಿರರ್‌ಲೆಸ್ ಬಾಡಿ, ಲೆನ್ಸ್ ಎರಡನ್ನೂ ಹೊಸದಾಗಿ ಕೊಳ್ಳುವ ಖರ್ಚಿನ ಮುಂದೆ ಹಳೆಯದು ಕಳೆದುಕೊಳ್ಳುವ ಬೆಲೆ ಏನೂ ಅಲ್ಲ. ಕಷ್ಟವೆಂದರೆ ಹಕ್ಕಿ ಗೂಡು ಕಟ್ಟುವ ಕಾಲವೂ ಮಳೆಗಾಲವೇ. ಒದ್ದೆಯಾಗಿ ಬಂದ ಕ್ಯಾಮೆರಾವನ್ನು ಬ್ಯಾಗಿನಲ್ಲೇ ಬಿಟ್ಟು ಮಲಗಬೇಡಿ.

ನಿಕಾನ್‌ನಲ್ಲಿ ಹಳೇ ಲೆನ್ಸ್ ಇಟ್ಟುಕೊಂಡು ಬಾಡಿ ಮಾತ್ರ ಬದಲಿಸುವವರಿಗೆ ಒಂದು ಎಚ್ಚರಿಕೆ. ಎಎಫ್-ಡಿ ಲೆನ್ಸುಗಳಲ್ಲಿ ಫೋಕಸ್ ಮೋಟಾರ್ ಇಲ್ಲ, ಬಾಡಿಯ ಮೋಟಾರೇ ತಿರುಗಿಸಬೇಕು. ಡಿ90, ಡಿ7000, ಡಿ7200, ಡಿ750ಯಲ್ಲಿ ಅದಿದೆ. ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಇಲ್ಲ, ಹಳೇ ಲೆನ್ಸ್ ಕೂಡಿಸಲು ಝಡ್ ಕ್ಯಾಮೆರಾಕ್ಕೆ ಹಾಕುವ ಎಫ್‌ಟಿಝಡ್ ಅಡಾಪ್ಟರಿನಲ್ಲೂ ಇಲ್ಲ. ಅಂಥ ಲೆನ್ಸ್ ಕೈಯಲ್ಲಿದ್ದರೆ ಬಾಡಿ ಸಮೇತ ಮಾರಿ, ಇಲ್ಲವೇ ಬಾಡಿ ಸಮೇತ ಇಡಿ. ಕ್ಯಾನನ್ ಇಎಫ್ ಲೆನ್ಸುಗಳಿಗೆ ಈ ತೊಡಕಿಲ್ಲ, ಅಡಾಪ್ಟರ್ ಹಾಕಿದರೆ ಆರ್ ಬಾಡಿಯಲ್ಲಿ ಆಟೋಫೋಕಸ್ ಸಲೀಸಾಗಿ ನಡೆಯುತ್ತದೆ.

ಮೌಂಟೇ ನಿಂತುಹೋದ ಕ್ಯಾಮೆರಾಗಳನ್ನು, ಅಂದರೆ ನಿಕಾನ್ 1, ಸ್ಯಾಮ್‌ಸಂಗ್ ಎನ್‌ಎಕ್ಸ್, ಕ್ಯಾನನ್ ಇಎಫ್-ಎಂ, ಸೋನಿ ಎ ಮೌಂಟ್, ಇಡೀ ಸೆಟ್ ಒಟ್ಟಿಗೆ ಇಂದೇ ಮಾರುವುದು ಒಳ್ಳೆಯದು. ಬಿಡಿಬಿಡಿಯಾಗಿ ಮಾರಹೊರಟರೆ ಬಾಡಿ ಹೋಗಿ ಲೆನ್ಸ್ ಉಳಿಯುತ್ತದೆ.

ಉದ್ದ ಝೂಮಿನ ಒಂದೇ ತುಂಡಿನ ಕ್ಯಾಮೆರಾಗಳಲ್ಲಿ 2012ರ ಕ್ಯಾನನ್ ಎಸ್‌ಎಕ್ಸ್50, 2015ರ ನಿಕಾನ್ ಪಿ900 ಇಂದಿಗೂ ಗಿರಾಕಿ ಇರುವಂಥವು. ಪಿ900ರ 83 ಪಟ್ಟು ಝೂಮ್ ಮೊಬೈಲಿಗೆ ಎಟುಕುವುದಿಲ್ಲ. ಆದರೆ ಇವುಗಳ ಲೆನ್ಸ್ ಬಾಡಿಗೇ ಅಂಟಿಕೊಂಡಿದೆ. ಒಳಗೆ ಫಂಗಸ್ ಹೊಕ್ಕರೆ ಇಡೀ ಕ್ಯಾಮೆರಾ ಬಿಚ್ಚಬೇಕು, ಯಾವ ಅಂಗಡಿಯವರೂ ಖುಷಿಯಿಂದ ಕೈಹಾಕುವುದಿಲ್ಲ. ಬಳಸದಿದ್ದರೆ ಮೊದಲು ಮಾರಬೇಕಾದ ಪಟ್ಟಿಯಲ್ಲಿ ಇವು ಮೇಲಿರಲಿ.

ಜೇಬಿನ ಸಣ್ಣ ಕ್ಯಾಮೆರಾಗಳಿಗೆ, ಅದರಲ್ಲೂ ಸಿಸಿಡಿ ಎಂಬ ಹಿಂದಿನ ಬಗೆಯ ಸೆನ್ಸರಿನ ಹಳೇ ಇಕ್ಸಸ್, ಕೂಲ್‌ಪಿಕ್ಸ್, ಸೈಬರ್‌ಶಾಟ್‌ಗಳಿಗೆ ಈಗ ಕಾಲೇಜು ಹುಡುಗ ಹುಡುಗಿಯರಿಂದ ಮತ್ತೆ ಬೇಡಿಕೆ ಬಂದಿದೆ. ಬೀರುವಿನ ಮೂಲೆಯಲ್ಲಿದ್ದರೆ ತೆಗೆದು ಚಾರ್ಜ್ ಮಾಡಿ ನೋಡಿ. ಲೆನ್ಸ್ ಅಡೆತಡೆಯಿಲ್ಲದೆ ಹೊರಬಂದು ಒಳಹೋಗಬೇಕು, ಚಾರ್ಜರ್ ಜತೆಗಿರಬೇಕು, ಕಾರ್ಡ್ ಸಿಗುವಂಥದ್ದಾಗಿರಬೇಕು. ತುಂಬಾ ಹಳೆಯವು 2 ಜಿಬಿವರೆಗಿನ ಸಾಧಾರಣ ಎಸ್‌ಡಿ ಕಾರ್ಡನ್ನಷ್ಟೇ ಓದುತ್ತವೆ, 32 ಜಿಬಿ ಕಾರ್ಡ್ ಹಾಕಿ "ಎರರ್" ಬಂತೆಂದು ಕ್ಯಾಮೆರಾವನ್ನೇ ಬಿಸಾಡಬೇಡಿ. ಇದು ಒಂದು ಗೀಳು, ಬಂದ ಹಾಗೆ ಹೋಗಬಹುದು. ಮಾರುವ ಮನಸ್ಸಿದ್ದರೆ ಕಾಯಬೇಡಿ.

ಕಿಟ್ ಲೆನ್ಸಿನ ಸಣ್ಣ ಡಿಎಸ್‌ಎಲ್‌ಆರ್, 1100ಡಿ, 1200ಡಿ, ಡಿ3100, ಡಿ3200 ಇಂಥವಕ್ಕೆ ಸಿಗುವ ದುಡ್ಡು ನೋಡಿದರೆ ಮಾರುವುದಕ್ಕಿಂತ ಫೋಟೋಗ್ರಫಿ ಕಲಿಯುವ ಅಣ್ಣನ ಮಗಳಿಗೋ ತಂಗಿಯ ಮಗನಿಗೋ ಕೊಡುವುದೇ ಲೇಸು. ಅಪರ್ಚರ್, ಶಟರ್, ಐಎಸ್‌ಒ ಮೂರನ್ನೂ ಕೈಯಾರೆ ತಿರುಗಿಸಿ ಕಲಿಯಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಮಾರುವುದಾದರೆ

ಕಾಲ ನೋಡಿ ಮಾರಬೇಕು. ಅಡಿಕೆ ಕೊಯ್ಲು ಮುಗಿದು ದುಡ್ಡು ಕೈಗೆ ಬಂದು, ಮದುವೆ ಸೀಸನ್ ಎದುರಿಗಿರುವ ಜನವರಿಯಿಂದ ಏಪ್ರಿಲ್‌ವರೆಗೆ ಕೊಳ್ಳುವವರು ಹುಡುಕಿಕೊಂಡು ಬರುತ್ತಾರೆ. ಆಷಾಢದಲ್ಲಿ ಸ್ಟುಡಿಯೋಗಳೇ ಖಾಲಿ ಕೂತಿರುತ್ತವೆ, ಆಗ ಕೇಳುವ ಬೆಲೆ ಕಡಿಮೆಯೇ.

ಅಂಗಡಿಯ ಎಕ್ಸ್‌ಚೇಂಜ್ ಸುಲಭ, ಆದರೆ ಅದರಲ್ಲಿ ಕಾಣುವ ಅಂಕಿ ನಿಜವಾದ ಬೆಲೆಯಲ್ಲ. ಮೊದಲು ಹಳೇ ಕ್ಯಾಮೆರಾದ ಸುದ್ದಿಯೇ ಎತ್ತದೆ ಹೊಸದಕ್ಕೆ ಕೊನೆಯ ಬೆಲೆ ಎಷ್ಟು ಎಂದು ಕೇಳಿ. ಆಮೇಲೆ ಎಕ್ಸ್‌ಚೇಂಜ್ ಕೇಳಿ. ಹಳೆಯದಕ್ಕೆ 15,000 ಎಂದವರು ಹೊಸದರ 6,000 ರಿಯಾಯಿತಿ ಕಿತ್ತುಕೊಂಡರೆ ನಿಮಗೆ ಸಿಕ್ಕಿದ್ದು 9,000. ನೇರ ಮಾರಿದರೆ ಅದಕ್ಕಿಂತ ಸ್ವಲ್ಪವೇ ಹೆಚ್ಚು ಸಿಗುವುದಾದರೆ ಎಕ್ಸ್‌ಚೇಂಜೇ ವಾಸಿ, ತಲೆನೋವಿಲ್ಲ. ಮೂರು ನಾಲ್ಕು ಸಾವಿರದ ಅಂತರವಿದ್ದರೆ ನೇರ ಮಾರಿ.

ನೇರ ಮಾರುವಾಗ ದೋಷ ಮುಚ್ಚಿಡಬೇಡಿ. ಫಂಗಸ್ ಇದ್ದರೆ ಟಾರ್ಚ್ ಬೆಳಕಿನಲ್ಲಿ ಅದರದ್ದೇ ಒಂದು ಫೋಟೋ ತೆಗೆದು ಹಾಕಿ. ಮಲೆನಾಡಿನ ಲೆನ್ಸ್ ಎಂದೊಡನೆ ತಿಳಿದವರು ಅನುಮಾನದಿಂದಲೇ ನೋಡುತ್ತಾರೆ, ಸ್ವಚ್ಛವಾಗಿದ್ದರೂ ಟಾರ್ಚ್ ಫೋಟೋ ಹಾಕುವುದೇ ನಂಬಿಕೆ ಹುಟ್ಟಿಸುವ ದಾರಿ. ಬಿಲ್, ಪೆಟ್ಟಿಗೆ, ಕಂಪನಿಯ ಚಾರ್ಜರ್, ಹುಡ್ ಇದ್ದರೆ ಒಟ್ಟಿಗೆ ಜೋಡಿಸಿ. ಮೆಮೊರಿ ಕಾರ್ಡ್ ಮಾತ್ರ ಕೊಡಬೇಡಿ. ಫಾರ್ಮ್ಯಾಟ್ ಮಾಡಿದ ಕಾರ್ಡಿನಿಂದಲೂ ಮನೆಯವರ ಫೋಟೋಗಳನ್ನು ಮರಳಿ ತೆಗೆಯಬಹುದು. ಮೆನುವಿನಲ್ಲಿ ಹೆಸರು, ಕಾಪಿರೈಟ್ ಬರೆದಿದ್ದರೆ ಅಳಿಸಿ.

ಕೊಳ್ಳುವವರು ಶಿವಮೊಗ್ಗಕ್ಕೆ ಬಂದು ನೋಡಿ ಕೊಂಡರೆ ಎಲ್ಲಕ್ಕಿಂತ ಚೆನ್ನ. ಸೀರಿಯಲ್ ನಂಬರ್ ಬರೆದು ಇಬ್ಬರೂ ಸಹಿ ಹಾಕಿದ ಚೀಟಿ ಇಟ್ಟುಕೊಳ್ಳಿ. "ದುಡ್ಡು ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಎಂದರೆ ಅಲ್ಲಿಗೆ ಮಾತು ನಿಲ್ಲಿಸಿ. ಯುಪಿಐನಲ್ಲಿ ದುಡ್ಡು ಬರುವುದಕ್ಕೆ ಪಿನ್ ಬೇಕಿಲ್ಲ, ಹೋಗುವುದಕ್ಕೆ ಮಾತ್ರ ಬೇಕು. ಪಾರ್ಸೆಲ್ ಕಳಿಸುವುದೇ ಆದರೆ ದುಡ್ಡು ಖಾತೆಗೆ ಬಿದ್ದ ಮೇಲೆ ಕಳಿಸಿ: ಲೆನ್ಸ್ ಬಿಚ್ಚಿ ಎರಡೂ ಕಡೆ ಮುಚ್ಚಳ ಹಾಕಿ, ಬಬಲ್ ಶೀಟ್ ಮೂರು ಸುತ್ತು, ಪೆಟ್ಟಿಗೆಯೊಳಗೆ ಪೆಟ್ಟಿಗೆ, ಹೊರಗೆ ಪ್ಲಾಸ್ಟಿಕ್ ಹೊದಿಕೆ. ಲಿಥಿಯಂ ಬ್ಯಾಟರಿಗೆ ವಿಮಾನ ಸಾಗಣೆಯಲ್ಲಿ ನಿರ್ಬಂಧಗಳಿರುವುದರಿಂದ ಕೌಂಟರಿನಲ್ಲಿ ಮೊದಲೇ ಹೇಳಿ. ಉಬ್ಬಿದ ಬ್ಯಾಟರಿಯನ್ನು ಕಳಿಸಲೂ ಬಾರದು, ಚುಚ್ಚಲೂ ಬಾರದು, ಕಸಕ್ಕೆ ಎಸೆಯಲೂ ಬಾರದು. ಪಿನ್ನುಗಳ ಮೇಲೆ ಟೇಪ್ ಹಚ್ಚಿ ಇ-ತ್ಯಾಜ್ಯ ತೆಗೆದುಕೊಳ್ಳುವಲ್ಲಿ ಕೊಡಿ.

ಇಟ್ಟುಕೊಳ್ಳುವುದಾದರೆ

ಎಲೆಕ್ಟ್ರಿಕ್ ಡ್ರೈ ಕ್ಯಾಬಿನೆಟ್ ಕೊಂಡರೆ ನೆಮ್ಮದಿ. ತೇವಾಂಶ 40ರಿಂದ 50 ಶೇಕಡಾ ಇಟ್ಟರೆ ಸಾಕು. ಕರೆಂಟ್ ಹೋದಾಗ ಬಾಗಿಲು ತೆಗೆಯದಿದ್ದರೆ ಒಳಗಿನ ತೇವ ನಿಧಾನಕ್ಕೆ ಏರುತ್ತದೆ, ಒಂದು ರಾತ್ರಿಗೆ ಹೆದರಬೇಕಿಲ್ಲ. ವಾರಗಟ್ಟಲೆ ಕರೆಂಟ್ ಇಲ್ಲದ ಊರಾದರೆ ಡಬ್ಬಿಯೇ ಮೇಲು.

ಡಬ್ಬಿ ಮಾಡಿಕೊಳ್ಳುವುದು ಹೀಗೆ. ರಬ್ಬರ್ ಬೆಲ್ಟ್ ಇರುವ, ನಾಲ್ಕೂ ಕಡೆ ಕ್ಲಿಪ್ ಬೀಳುವ 15 ಲೀಟರಿನ ಪಾರದರ್ಶಕ ಡಬ್ಬಿ, ತೇವಾಂಶ ಅಳೆಯುವ ಒಂದು ಸಣ್ಣ ಡಿಜಿಟಲ್ ಹೈಗ್ರೋಮೀಟರ್, 150 ಗ್ರಾಂ ಬಣ್ಣ ಬದಲಿಸುವ ಸಿಲಿಕಾ ಜೆಲ್. ಹೈಗ್ರೋಮೀಟರನ್ನು ನಂಬುವ ಮುಂಚೆ ಒಂದು ಪರೀಕ್ಷೆ: ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪಿಗೆ ನಾಲ್ಕು ಹನಿ ನೀರು ಹಾಕಿ ಕೆಸರಿನಂತೆ ಕಲಸಿ, ಹೈಗ್ರೋಮೀಟರ್ ಜತೆ ಜಿಪ್ ಕವರಿನಲ್ಲಿ ಎಂಟು ಗಂಟೆ ಮುಚ್ಚಿಡಿ. ಅದು 75 ತೋರಿಸಬೇಕು. 80 ತೋರಿಸಿದರೆ ನಿಮ್ಮದು 5 ಹೆಚ್ಚು ಹೇಳುತ್ತದೆ ಎಂದು ಹಿಂಬದಿಗೆ ಚೀಟಿ ಅಂಟಿಸಿ.

25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 23 ಗ್ರಾಂ ನೀರಾವಿ ಹಿಡಿಯುತ್ತದೆ. 15 ಲೀಟರ್ ಡಬ್ಬಿಯ ಗಾಳಿಯಲ್ಲಿ ಅರ್ಧ ಗ್ರಾಮೂ ಇಲ್ಲ. ಆ ಗಾಳಿಯನ್ನು ಒಣಗಿಸುವುದು ಸಿಲಿಕಾಕ್ಕೆ ಲೆಕ್ಕಕ್ಕಿಲ್ಲದ ಕೆಲಸ. ಎರಡೇ ದಿನದಲ್ಲಿ ಬಣ್ಣ ಬದಲಾಯಿತೆಂದರೆ ನೀರು ಬೇರೆ ಕಡೆಯಿಂದ ಬರುತ್ತಿದೆ: ಕ್ಯಾಮೆರಾ ಬ್ಯಾಗಿನ ಸ್ಪಂಜು, ಚರ್ಮದ ಕವರ್, ಬಟ್ಟೆಯ ಪಟ್ಟಿ, ಸಡಿಲ ಮುಚ್ಚಳ. ಆದ್ದರಿಂದ ಡಬ್ಬಿಯೊಳಗೆ ಬ್ಯಾಗು, ಕವರ್ ಬೇಡ. ಬರೀ ಬಾಡಿ, ಲೆನ್ಸ್. ಹೈಗ್ರೋಮೀಟರ್ 30ಕ್ಕಿಂತ ಕೆಳಗಿಳಿದರೆ ಸ್ವಲ್ಪ ಸಿಲಿಕಾ ಹೊರತೆಗೆಯಿರಿ, ಅತಿಯಾಗಿ ಒಣಗಿದರೆ ಎಣ್ಣೆ, ರಬ್ಬರ್ ಹಾಳು. 60 ದಾಟಿದರೆ ಸಿಲಿಕಾ ಬಿಸಿ ಮಾಡುವ ಹೊತ್ತು. ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ, ಅಥವಾ ಓವನ್ನಿನಲ್ಲಿ 110-120 ಡಿಗ್ರಿಯಲ್ಲಿ ಎರಡು ಗಂಟೆ. ಅದಕ್ಕಿಂತ ಬಿಸಿ ಮಾಡಿದರೆ ಬಣ್ಣ ಸತ್ತುಹೋಗುತ್ತದೆ. ನೀಲಿ ಸಿಲಿಕಾದಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಮಕ್ಕಳಿರುವ ಮನೆಗೆ ಕಿತ್ತಳೆ ಬಣ್ಣದ್ದು ತನ್ನಿ. ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ.

ನುಸಿಗುಳಿಗೆ, ಕರ್ಪೂರ ಎರಡನ್ನೂ ಹತ್ತಿರ ಇಡಬೇಡಿ, ಅವುಗಳ ಆವಿ ಪ್ಲಾಸ್ಟಿಕ್ ಮತ್ತು ಗಾಜಿಗೆ ಒಳ್ಳೆಯದಲ್ಲ. ಅಕ್ಕಿ ಡಬ್ಬದಲ್ಲಿ ಹೂತಿಡುವುದೂ ಬೇಡ. ಅಕ್ಕಿಯ ಹುಡಿ ಗುಂಡಿಗಳ ಸಂದಿಗೆ ಹೊಕ್ಕುತ್ತದೆ, ಹೀರುವ ತೇವವೂ ಅಷ್ಟಕ್ಕಷ್ಟೆ.

ಬ್ಯಾಟರಿಯನ್ನು ಅರ್ಧ ಚಾರ್ಜ್ ಮಾಡಿ ಹೊರಗೆ ತೆಗೆದಿಡಿ. ಹದಿನೈದು ದಿನಕ್ಕೊಮ್ಮೆ ಹಾಕಿ, ಬೇರೆ ಬೇರೆ ವೇಗದಲ್ಲಿ ಇಪ್ಪತ್ತು ಸಲ ಕ್ಲಿಕ್ ಮಾಡಿ, ಅಪರ್ಚರ್ ಚಿಕ್ಕದು ದೊಡ್ಡದು ಮಾಡಿ, ಝೂಮ್ ಮತ್ತು ಫೋಕಸ್ ರಿಂಗನ್ನು ಎರಡೂ ತುದಿಗೆ ತಿರುಗಿಸಿ. ನಿಕಾನ್‌ನಲ್ಲಿ "ಕ್ಲಾಕ್" ಎಂದು ಮಿನುಗಿದರೆ ಒಳಗಿನ ಪುಟ್ಟ ಬ್ಯಾಟರಿ ಖಾಲಿಯಾಗಿದೆ, ಚಾರ್ಜ್ ಆದ ಮುಖ್ಯ ಬ್ಯಾಟರಿ ಎರಡು ದಿನ ಒಳಗಿದ್ದರೆ ತಾನೇ ತುಂಬಿಕೊಳ್ಳುತ್ತದೆ. ಕ್ಯಾನನ್ 5ಡಿ ಮಾರ್ಕ್ 2 ಥರದವಕ್ಕೆ ಸಿಆರ್1616 ನಾಣ್ಯದ ಬ್ಯಾಟರಿ ಬದಲಿಸಬೇಕು.

ಮೇ ಕೊನೆಯಲ್ಲಿ ಟಾರ್ಚ್ ಹಿಡಿದು ನೋಡಿದಾಗ ಪ್ರತಿ ಲೆನ್ಸಿನ ಒಂದು ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಸ್ವಾತಿ ಮಳೆ ಮುಗಿದ ಮೇಲೆ, ನವೆಂಬರಿನಲ್ಲಿ, ಅದೇ ಕೋನದಿಂದ ಮತ್ತೊಂದು ತೆಗೆದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಅಂಚಿನಲ್ಲಿ ಹೊಸ ಎಳೆ ಕಂಡರೆ ತಡಮಾಡದೆ ಆ ಲೆನ್ಸನ್ನು ಕ್ಲೀನ್ ಮಾಡಿಸಿ, ಜನವರಿಯ ಮದುವೆ ಸೀಸನ್ನಿಗೆ ಮಾರಾಟಕ್ಕೆ ಹಾಕಿ.